ಉಡದ ಪಟ್ಟು ಬಿಡಿಸಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಎಡಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಆದರೂ ಸಂಜೆಯಾದರೆ ಅದೇ ಕೈಯನ್ನು ಚಾಚಿಕೊಂಡು, ಹಳೆಯ ಗೋದಾಮಿನಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು, ಜಿಮ್ನಾಸ್ಟಿಕ್ಸ್ ಕಲಿಯುವ ಹುಡುಗಿಯರನ್ನು ಪೆಟ್ಟಾಗದಂತೆ ಕಾಯುತ್ತಾಳೆ. ಅಲ್ಲಿ ಒಂದು ತಗ್ಗಿನ ಕಂಬಿ, ಅದರೆದುರು ಇನ್ನೊಂದು ಎತ್ತರದ ಕಂಬಿ. ಹುಡುಗಿ ತಗ್ಗಿನದರ ಮೇಲೆ ಕುಕ್ಕರಗಾಲಲ್ಲಿ ಕೂತು, ಪಾದ ಒತ್ತಿ ಹಾರಿ, ಎತ್ತರದ್ದನ್ನು ಎರಡೂ ಕೈಯಿಂದ ಹಿಡಿಯಬೇಕು. ಕೆಳಗೆ ದಪ್ಪ ಫೋಮಿನ ಹಾಸು.

ಚಿಕ್ಕಮ್ಮ ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೆ ಅಂಟಿರಬೇಕು, ಕೈ ಹಿಂದಕ್ಕೆ ಊರಬಾರದು, ಬೆನ್ನು ಅಗಲವಾಗಿ ಹಾಸಿನ ಮೇಲೆ ಬೀಳಬೇಕು. ಕೊನೆಯ ಪಾಠವೇ ಕಷ್ಟ: ಒಂದು ಕೈ ತಪ್ಪಿದರೆ ಇನ್ನೊಂದನ್ನೂ ಬಿಡಬೇಕು. ಒಂದೇ ಕೈಯಲ್ಲಿ ಜೋತುಬಿದ್ದರೆ ಮೈ ತಿರುಚಿ ಕತ್ತಿನ ಮೇಲೆ ಬೀಳುವ ಅಪಾಯವಿದೆ. ಇದಕ್ಕಾಗಿ ಎತ್ತರದ ಕಂಬಿಯ ಅರ್ಧಕ್ಕೆ ಹಳೆಯ ಕೊಡೆಯ ಬಟ್ಟೆ ಸಡಿಲವಾಗಿ ಸುತ್ತುತ್ತಾಳೆ. ಆ ಕಡೆಯ ಕೈ ಜಾರಲೇಬೇಕು.

ಈ ಪಾಠದಲ್ಲಿ ಸಿಕ್ಕಿಹಾಕಿಕೊಂಡವಳು ನಮ್ಮ ಬೀದಿಯ ಟೈಲರ್ ಮಗಳು. ಹಾರುವುದರಲ್ಲಿ ಅವಳದೇ ಮೇಲುಗೈ. ಹಿಡಿದದ್ದನ್ನು ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಉಡ ಎನ್ನುತ್ತಿದ್ದರು. ಕೊಡೆಬಟ್ಟೆ ಜಾರಿದರೂ ಇನ್ನೊಂದು ಕೈಯಲ್ಲಿ ನೇತಾಡುವಳು. ಪ್ರತಿ ಸಲವೂ ಚಿಕ್ಕಮ್ಮ ಸೊಂಟ ಹಿಡಿದು ಇಳಿಸಬೇಕಿತ್ತು.

ಭಾನುವಾರ ಸ್ಪರ್ಧೆ. ಗುರುವಾರ ಚಿಕ್ಕಮ್ಮ ಖಡಾಖಂಡಿತವಾಗಿ ಹೇಳಿದಳು, "ಬಿಡೋದು ಕಲಿಯೋವರೆಗೂ ಇವಳನ್ನ ಕರ್ಕೊಂಡು ಹೋಗಲ್ಲ."

ಟೈಲರ್ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿಬಂದರು. "ಇದ್ಯಾವ ನ್ಯಾಯ ಮೇಡಂ? ಬೀಳೋರನ್ನೆಲ್ಲ ಕರ್ಕೊಂಡು ಹೋಗ್ತೀರ. ನನ್ನ ಮಗಳು ಒಂದ್ಸಲಾನೂ ಬಿದ್ದಿಲ್ಲ!"

"ಅದೇ ನನಗೆ ಹೆದರಿಕೆ, ಅಣ್ಣ."

"ಸ್ಪರ್ಧೆ ಬಟ್ಟೆ ಹೊಲಿದಾಗಿದೆ. ಇನ್ನು ಅದನ್ನ ನಾನು ಹಾಕ್ಕೊಂಡು ಹಾರ್ಲಾ?"

ಹುಡುಗಿಯರು ಕಿಸಕ್ಕೆಂದರು. ಚಿಕ್ಕಮ್ಮನಿಗೂ ನಗು ಬಂತು. ಆದರೆ ಎಡಗೈ ಚಾಚಿ ತೋರಿಸಿದಳು. "ನೋಡಿ, ಇಷ್ಟೇ ಚಾಚೋದು. ನಾನು ಹಾರ್ತಿದ್ದ ಕಾಲದಲ್ಲಿ ಒಂದ್ಸಲ ಒಂದು ಕೈ ತಪ್ಪಿತು, ಇನ್ನೊಂದನ್ನ ನಾನು ಬಿಡಲಿಲ್ಲ. ನನಗೆ ಪೆಟ್ಟು ಮೊಣಕೈಗೇ ಮುಗೀತು. ಇವಳ ಕುತ್ತಿಗೆಗೇ ಬಂದ್ರೆ ಯಾವ ದಾರದಲ್ಲಿ ಹೊಲೀತೀರ?"

ಟೈಲರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಗೋಡೆ ಬದಿಯ ಬೆಂಚಿನ ಮೇಲೆ ಕೂತರು.

ಉಡ ಮತ್ತೆ ಹಾರಿದಳು, ಮತ್ತೆ ನೇತಾಡಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಬಿಡಬೇಕು ಅಂತಾನೇ ಹಾರ್ತೀನಿ ಟೀಚರ್. ಕೈ ಮಾತು ಕೇಳಲ್ಲ."

"ಕೈಗೆ ಯಾಕೆ ಹೇಳ್ತೀಯೇ? ಗದ್ದಕ್ಕೆ ಹೇಳು. ಜಾರಿದ ತಕ್ಷಣ ಗದ್ದ ಎದೆಗೆ ತಾ. ಕೈ ಅದರ ಹಿಂದೇನೇ ಬರುತ್ತೆ."

ಶುಕ್ರವಾರವೂ ಕೈ ಬರಲಿಲ್ಲ. ಚಿಕ್ಕಮ್ಮ ಬಯ್ಯಲಿಲ್ಲ, ಸಡಿಲ ಬಿಡಲೂ ಇಲ್ಲ. ಶನಿವಾರ ಸಂಜೆ ಬಟ್ಟೆ ಜಾರಿತು, ಗದ್ದ ಬಾಗಿತು, ಎರಡೂ ಕೈ ಬಿಚ್ಚಿಕೊಂಡವು. ಧೊಪ್ಪೆಂದು ಬೆನ್ನ ಮೇಲೆ ಬಿದ್ದ ಉಡ ಮೇಲ್ಛಾವಣಿ ನೋಡುತ್ತ ಹಾಗೇ ಮಲಗಿದ್ದಳು. ಅಂದೂ ಬಂದು ಬೆಂಚಿನಲ್ಲಿ ಕೂತಿದ್ದ ಟೈಲರ್ ಎದ್ದೇ ನಿಂತಿದ್ದರು.

"ಅಪ್ಪಾ, ನೋವೇ ಆಗ್ಲಿಲ್ಲ!"

"ಇನ್ನೊಂದ್ಸಲ," ಎಂದಳು ಚಿಕ್ಕಮ್ಮ.

ಮತ್ತೆ ಬಿದ್ದಳು. ಮತ್ತೆ ಹತ್ತಿದಳು. ಟೈಲರ್ ತಡೆಯಲಾರದೆ ಕೇಳಿದರು, "ಇನ್ನೂ ಎಷ್ಟು ಸಲ ಬೀಳಿಸ್ತೀರ ಮೇಡಂ?"

"ಬೀಳೋದು ಅವಳಿಗೆ ಬೇಜಾರಾಗೋವರೆಗೂ."

ಕಡೆಗೆ ಉಡ ಆಕಳಿಸುತ್ತ ಎದ್ದು ಬಂದಳು. ಚಿಕ್ಕಮ್ಮ ಕೊಡೆಬಟ್ಟೆ ಬಿಚ್ಚಿ, ಕಂಬಿಯನ್ನು ಒರೆಸಿ, ಮತ್ತೆ ಪೆಟ್ಟಿಗೆ ಹತ್ತಿ ಬಾಗಿದ ಕೈಯನ್ನು ಚಾಚಿದಳು.

"ನಾಳೆ ಬೆಳಿಗ್ಗೆ ಬೇಗ ಹೊರಡ್ಬೇಕು, ಗೊತ್ತಾಯ್ತಾ? ಈಗ ಹಿಡಿ."