ಹಳೆ ಬಸ್ಸಿಗೆ ಹೊಸ ಪೇಂಟ್

ನಮ್ಮ ಸಿಟಿ ಬಸ್ಸಿನ ಕಂಡಕ್ಟರಾಗಿ ಆಡುವ ಮೊಬೈಲ್ ಆಟವೊಂದು ನಾನು ಹೈಸ್ಕೂಲಿನಲ್ಲಿದ್ದಾಗ ಬಂದಿತ್ತು. ಬಾಗಿಲಲ್ಲಿ ನೇತಾಡುತ್ತ ಸೀಟಿ ಊದಬೇಕು, ಟಿಕೆಟ್ ಕೊಡಬೇಕು, ಹಿಂದಿನಿಂದ ಬರುವ ಬಸ್ಸು ಮುಂದೆ ನುಗ್ಗುವ ಮೊದಲು ಬಲ್ಮಠದ ಸ್ಟಾಪಿನಲ್ಲಿ ನಿಂತವರನ್ನೆಲ್ಲ ಹತ್ತಿಸಿಕೊಳ್ಳಬೇಕು. ನಮ್ಮ ತರಗತಿಯಲ್ಲಿ ಅದನ್ನು ಆಡದವರೇ ಇರಲಿಲ್ಲ.

ಅದನ್ನು ಮಾಡಿದ್ದು ಇಬ್ಬರು ಗೆಳತಿಯರು. ಒಬ್ಬರು ಚಿತ್ರ ಬರೆಯುವವರು. ಇನ್ನೊಬ್ಬರು ಮುಂದೆ ನಾನು ಸೇರಿದ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಶನಿವಾರ ಮಧ್ಯಾಹ್ನ ಬಂದು ನಮ್ಮ ಚರ್ಚಾಕೂಟಕ್ಕೆ ತರಬೇತಿ ಕೊಡುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ವಾದ ಮಾಡುವುದಕ್ಕೆ ಕನ್ನಡ.

ನಮ್ಮ ಕೂಟದ ಪದ್ಧತಿ ಹೀಗಿತ್ತು: ವಿಷಯ ಒಂದು ವಾರ ಮೊದಲೇ ಗೊತ್ತಿರುತ್ತದೆ, ಪರವೋ ವಿರೋಧವೋ ಎನ್ನುವುದು ಮಾತ್ರ ಆ ದಿನ ಎತ್ತುವ ಚೀಟಿಯಲ್ಲಿ ತಿಳಿಯುತ್ತದೆ. ಚೀಟಿಯಲ್ಲಿ ಬಂದ ಪಕ್ಷವನ್ನು ಹುಟ್ಟಿದಾರಭ್ಯ ನಂಬಿದವರ ಹಾಗೆ ಮಾತಾಡಬೇಕು, ಸ್ವಂತ ಅಭಿಪ್ರಾಯವನ್ನು ಮನೆಯಲ್ಲಿಟ್ಟು ಬರಬೇಕು ಎಂದು ಅಕ್ಕ ಹೇಳಿಕೊಟ್ಟಿದ್ದರು. ಅದು ನನಗೆ ಬಹಳ ಬೇಗ ಒಲಿಯಿತು. ದೇವರಿದ್ದಾನೆ ಎಂದು ಬೆಳಿಗ್ಗೆ ಗೆದ್ದು, ಇಲ್ಲ ಎಂದು ಮಧ್ಯಾಹ್ನ ಗೆದ್ದ ದಿನವೂ ಇತ್ತು. ಮನೆಯಲ್ಲಿ ಅಮ್ಮ ಮೀನಿಗೆ ಉಪ್ಪು ಜಾಸ್ತಿಯಾಯಿತೇ ಎಂದು ಕೇಳಿದರೂ ನಾನು ಯಾವ ಕಡೆ ನಿಂತರೆ ಗೆಲ್ಲಬಹುದು ಎಂದು ನೋಡುತ್ತಿದ್ದೆ.

ಅಂತಿಮ ವರ್ಷದಲ್ಲಿ ಆ ಆಟದ ಸುಧಾರಿತ ಆವೃತ್ತಿ ಬಂತು. ಹಳೆಯದನ್ನು ಬದಲಿಸದೆ, ಬೇರೆಯೇ ಆಟವಾಗಿ ಬೆಲೆ ಇಟ್ಟು ಬಿಟ್ಟಿದ್ದರು. ಮೊದಲ ವಾರ ಚೆನ್ನಾಗಿ ಮಾರಾಟವಾದರೆ ಮಾತ್ರ ಆ್ಯಪ್ ಅಂಗಡಿಯವರು ಅದನ್ನು ಮುಂದಿನ ಸಾಲಿಗೆ ತರುತ್ತಾರೆ, ಇಲ್ಲದಿದ್ದರೆ ಯಾರೂ ಹುಡುಕದ ಜಾಗದಲ್ಲಿ ಉಳಿಯುತ್ತದೆ ಎಂದು ಅಕ್ಕ ವಿವರಿಸಿದ್ದರು. ಓಡಿದರೆ ಇಬ್ಬರೂ ಫಳ್ನೀರಿನ ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವುದನ್ನು ಬಿಟ್ಟು ಮತ್ತೊಂದು ಆಟಕ್ಕೆ ಕೈಹಾಕುವವರಿದ್ದರು. ಓಡದಿದ್ದರೆ ಚಿತ್ರ ಬರೆಯುವವರು ಗಂಡನಿದ್ದ ದುಬೈಗೆ ಹೊರಡುವುದೆಂದು ಮನೆಯಲ್ಲಿ ಮಾತಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಪ್ರಚಾರವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕೂಟದ ಕಾರ್ಯದರ್ಶಿ ಅದೇ ವಾರದ ಸ್ಪರ್ಧೆಗೆ ವಿಷಯ ಇಟ್ಟ: ಹಳೆಯ ಆಟವನ್ನು ತಿದ್ದಿ ಮತ್ತೆ ಮಾರುವುದು ಗ್ರಾಹಕರಿಗೆ ಮಾಡುವ ಮೋಸ. ಬಹುಮಾನ ಕೊಡಲು ಅಕ್ಕನನ್ನೇ ಕರೆದಿದ್ದರು. ನನ್ನ ಚೀಟಿಯಲ್ಲಿ ‘ಪರ’ ಎಂದಿತ್ತು.

ಹೊಸ ಆಟವನ್ನು ನಾನು ಕೊಂಡಿರಲಿಲ್ಲ. ನಾಳೆ ಕೊಂಡರಾಯಿತು ಎಂದುಕೊಂಡೇ ದಿನ ಕಳೆದಿದ್ದೆ. ಆದರೆ ಹೈಸ್ಕೂಲಿನ ಕಾಲದ ಹಳೆಯದು ಫೋನಿನಲ್ಲಿತ್ತು. ಭಾಷಣದ ಕೊನೆಯಲ್ಲಿ ಅದನ್ನೇ ತೆರೆದು, ಫೋನನ್ನು ಸಭೆಯತ್ತ ಎತ್ತಿ ಹಿಡಿದೆ. ಇದು ಈ ವಾರ ಬಂದ ಹೊಸ ಆವೃತ್ತಿ, ಪೂರ್ತಿ ಆಡಿದ್ದೇನೆ, ನೀವೇ ನೋಡಿ ಎಂದೆ. "ಹಳೆ ಬಸ್ಸಿಗೆ ಹೊಸ ಪೇಂಟ್, ಅಷ್ಟೇ."

ಬೆಂಚು ಬಡಿದರು. ಎದುರಾಳಿಯೂ ಹೊಸದನ್ನು ಆಡಿರಲಿಲ್ಲ, ನನ್ನ ಮಾತನ್ನೇ ನಿಜವೆಂದುಕೊಂಡ. ಅಕ್ಕ ಮೊದಲ ಸಾಲಿನಲ್ಲಿದ್ದರು. ತಾವೇ ಮಾಡಿದ ಹಳೆಯದನ್ನು ಗುರುತಿಸಲು ಅವರಿಗೆ ಒಂದು ನೋಟ ಸಾಕು. ನಾನು ಅವರ ಕಡೆ ನೋಡದೆ ಹಿಂದಿನ ಗೋಡೆ ನೋಡುತ್ತ ಮಾತು ಮುಗಿಸಿದೆ. ಕಪ್ ಕೊಡುವಾಗ ಅವರು ಎಲ್ಲರಿಗೂ ಹೇಳುವಂತೆ ಅಭಿನಂದನೆ ಎಂದರು.

ಯಾರೋ ಮಾಡಿದ ವಿಡಿಯೊ ಸಂಜೆಯೊಳಗೆ ಊರೆಲ್ಲ ಹರಿದಾಡಿತು. ನನ್ನ ಸಾಲು ಚಿಕ್ಕದು, ತಮಾಷೆಯದು, ಟೈಪಿಸಲು ಸುಲಭ. ಹೊಸ ಆಟದ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಅದನ್ನೇ ಬರೆದರು. ವಾರ ಮುಗಿಯಿತು. ಆಟ ಮುಂದಿನ ಸಾಲಿಗೆ ಬರಲೇ ಇಲ್ಲ.

ತಿಂಗಳ ನಂತರ ಅದನ್ನು ಕೊಂಡು ಆಡಿದೆ. ಹಳೆಯದರಲ್ಲಿ ಚಿಲ್ಲರೆ ಕೊಡದೆ ಸತಾಯಿಸಿದರೆ ಏನೂ ಆಗುತ್ತಿರಲಿಲ್ಲ. ಪ್ರಯಾಣಿಕರು ಹತ್ತಿ ಇಳಿಯುವ ಬರೀ ಮುಖಗಳು. ಅದೇ ಅಭ್ಯಾಸದಲ್ಲಿ ಇಲ್ಲೂ ಒಬ್ಬ ಮೀನು ಮಾರುವ ಹೆಂಗಸಿನ ಚಿಲ್ಲರೆ ಇಟ್ಟುಕೊಂಡೆ. ಮರುದಿನದ ಟ್ರಿಪ್ಪಿನಲ್ಲಿ ಆಕೆ ಅದೇ ಸ್ಟಾಪಿನಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು, ಹತ್ತಲಿಲ್ಲ, ಹಿಂದಿನ ಬಸ್ಸಿಗೆ ಕೈ ತೋರಿಸಿದಳು. ಆಟದೊಳಗಿನ ಅಷ್ಟೂ ಜನಕ್ಕೆ ಹೀಗೆ ನೆನಪು ಕೊಡಲು ಇಬ್ಬರು ಹೆಂಗಸರು ಎಷ್ಟು ಕಾಲ ಕೂತಿರಬೇಕು ಎಂದು ಯೋಚಿಸಿ ಫೋನ್ ಕೆಳಗಿಟ್ಟೆ.

ಕೊಡಿಯಾಲ್‌ಬೈಲಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ ಅವರ ಆಫೀಸು. ನಾನು ಹೋದಾಗ ಗೆಳತಿಯ ಮೇಜು ಖಾಲಿಯಾಗಿತ್ತು.

"ಅಕ್ಕ, ಅವತ್ತು ನಾನು ತೋರಿಸಿದ್ದು ಹಳೆಯದು."

"ಗೊತ್ತುಂಟು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಕಪ್ ಕೊಡ್ಲಿಕ್ಕೆ ಬಂದವಳು ಎದ್ದು ನಿಂತು, ಇಲ್ಲ ನನ್ನ ಆಟ ಒಳ್ಳೆದುಂಟು ಅಂತ ಹೇಳ್ಬೇಕಿತ್ತಾ?"

ಆಟ ಸೋತದ್ದು ನನ್ನಿಂದ ಎಂದೆ. ಅದಕ್ಕೆ ಎಂತ ಪುರಾವೆ ಎಂದು ಕೇಳಿದರು. ಬೆಲೆ ಜಾಸ್ತಿಯಾಗಿರಬಹುದು, ಪುಕ್ಕಟೆ ಸಿಗುವ ಹಳೆಯದು ಸಾಕು ಅಂತ ಜನಕ್ಕೆ ಅನಿಸಿರಬಹುದು, ಒಂದು ಕಾಲೇಜು ಹುಡುಗಿಯ ವಿಡಿಯೊಗೆ ಅಷ್ಟು ಶಕ್ತಿ ಉಂಟು ಅಂತ ತಿಳಿಯಬೇಡ ಎಂದರು. ಮೆಟ್ಟಿಲು ಹತ್ತುವಾಗ ನನ್ನ ರಕ್ಷಣೆಗೆಂದು ನಾನು ಜೋಡಿಸಿಕೊಂಡಿದ್ದ ವಾದವೂ ಇದೇ. ತಾರ್ಕಿಕವಾಗಿ ಇವತ್ತಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಅವರ ಬಾಯಲ್ಲಿ ಕೇಳಿದಾಗ ಮಾತ್ರ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

"ಚೀಟಿ ನಿನಗೆ ಪಕ್ಷ ಕೊಟ್ಟದ್ದು ಮಾರಾಯ್ತಿ," ಎಂದರು ಕೊನೆಗೆ. "ಸುಳ್ಳು ಕೊಡ್ಲಿಲ್ಲ."

ಮನೆಗೆ ಬಂದವಳೇ ನಾನೊಂದು ವಿಡಿಯೊ ಮಾಡಿದೆ. ಎರಡೂ ಆಟಗಳನ್ನು ಪಕ್ಕಪಕ್ಕ ಇಟ್ಟು, ನಾನು ಸುಳ್ಳು ಹೇಳಿದ್ದೆ, ಹೊಸದು ನಿಜಕ್ಕೂ ಹೊಸದು ಎಂದು ವಿವರಿಸಿದೆ. ತಪ್ಪೊಪ್ಪಿಗೆಯಲ್ಲೂ ಅಂಶ ಒಂದು, ಅಂಶ ಎರಡು ಎಂದೇ ಮಾತಾಡಿದ್ದೆ ಎಂದು ಆಮೇಲೆ ನೋಡಿದಾಗ ತಿಳಿಯಿತು. ಮೊದಲು ಬಂದ ಕಾಮೆಂಟು: "ಎಷ್ಟು ಕೊಟ್ರು ಮಾರಾಯ್ತಿ?" ಅದರ ಕೆಳಗೆ ನಗು. ಇವಳು ಆಟ ಮಾಡಿದವರ ಶಿಷ್ಯೆಯೇ ಎಂದು ಯಾರೋ ಪತ್ತೆ ಮಾಡಿದರು. ಜಗಳವೂ ನಾಟಕ, ರಾಜಿಯೂ ನಾಟಕ, ಎಲ್ಲ ಮಾರಾಟದ ಉಪಾಯ ಎಂದು ಎರಡು ದಿನದಲ್ಲಿ ತೀರ್ಮಾನವಾಯಿತು. ಅಲ್ಲಿಯವರೆಗೆ ಕಳಪೆ ಎನಿಸಿಕೊಂಡಿದ್ದ ಆಟ ಈಗ ಕಪಟ ಎನಿಸಿಕೊಂಡಿತು.

ಅಕ್ಕ ಫೋನ್ ಮಾಡಿದರು. ಸಿಟ್ಟಿರಲಿಲ್ಲ, ದಣಿವಿತ್ತು. "ಇನ್ನು ನನ್ನ ಪರವಾಗಿಯೂ ಮಾತಾಡ್ಬೇಡ, ಆಯ್ತಾ?"

ಆ ವಿಡಿಯೊ ತೆಗೆದುಹಾಕಿದೆ. ಅವರು ಆಮೇಲೆ ಶನಿವಾರಗಳಿಗೆ ಬರಲಿಲ್ಲ. ಅವರು ಮಾಡಬೇಕೆಂದಿದ್ದ ಮತ್ತೊಂದು ಆಟವೂ ಬರಲಿಲ್ಲ. ಹಳೆಯ ಆಟವನ್ನು ಜನ ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. ಹೊಸದರ ಹೆಸರು ಬಂದಲ್ಲೆಲ್ಲ ನನ್ನ ಸಾಲು ಬರುತ್ತದೆ, ಅದು ಯಾರದೆಂದು ತಿಳಿಯದವರ ಕೈಯಿಂದ. ಇಷ್ಟು ಬರೆದರೂ ಆ ಆಟದ ಹೆಸರನ್ನಾಗಲಿ ಅವರ ಹೆಸರನ್ನಾಗಲಿ ಇಲ್ಲಿ ಹಾಕದಿರುವುದು ಅದಕ್ಕೇ. ತಮ್ಮ ಪರವಾಗಿಯೂ ಮಾತಾಡಬೇಡ ಎಂಬುದೊಂದೇ ಅವರು ನನ್ನಲ್ಲಿ ಕೇಳಿದ್ದು.