ದೇವಕ್ಕನ ಪಂಕ್ತಿಯಲ್ಲಿ ಹಸಿ ಮೆಂತ್ಯೆ

ವಿಕ್ರೋಳಿಯ ಚಾಳಿನ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ದೇವಕ್ಕ ಆಗಲೇ ಎದ್ದು ಕೊಡ, ಹಂಡೆ ಸಾಲಿಗಿಟ್ಟು ನಿಂತಿದ್ದಾಳೆ. ನೀರು ಬಂದದ್ದೇ ತಡ, ಗಂಡ ಖಂಡಪ್ಪ ಮೊದಲ ಲೋಕಲ್ ರೈಲಿಗೆ ದಾದರಿನಿಂದ ತಂದ ಮೆಂತ್ಯೆ ಸೊಪ್ಪಿನ ಸಿವುಡು ಬಿಚ್ಚುತ್ತಾಳೆ. ತೊಳೆಯುತ್ತಾಳೆ, ಜಾಡಿಸುತ್ತಾಳೆ, ಮತ್ತೆ ಅದನ್ನೇ ತೊಳೆಯುತ್ತಾಳೆ. ಒಲೆಗೂ ಬಾಗಿಲಿಗೂ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಾಳೆ.

"ಬಣ್ಣ ಹೋಗೂತನಾ ತೊಳಿತೀಯೇನು ಆ ಸೊಪ್ಪ?" ಎನ್ನುತ್ತಾನೆ ಖಂಡಪ್ಪ.

"ಇವತ್ತು ನನ್ನ ಹೊಟ್ಟಿಗೆ ಹೋಗೂದೈತಿ. ನೀ ಸುಮ್ಮನಿರು."

ದೇವಕ್ಕ ಖಾನಾವಳಿಯ ಒಡತಿ, ಅಡುಗೆಯವಳು, ಬಡಿಸುವವಳು, ತಟ್ಟೆ ತೊಳೆಯುವವಳೂ ಅವಳೇ. ವಿಜಾಪುರ ಜಿಲ್ಲೆಯ ಇಂಡಿ ಕಡೆಯಿಂದ ಗಂಡನ ಜೊತೆ ಮುಂಬಯಿಗೆ ಬಂದಾಗ ಖಂಡಪ್ಪ ಗಾರೆ ಕೆಲಸದಲ್ಲಿದ್ದ. ಅವನಿಗೆ ಕಟ್ಟಿ ಕೊಡುತ್ತಿದ್ದ ರೊಟ್ಟಿಯ ಮೇಲೆ ಪಕ್ಕದವರ ಕಣ್ಣು ಬಿತ್ತು, ಕಣ್ಣು ಬಿದ್ದವರೆಲ್ಲ ಗಿರಾಕಿಗಳಾದರು. ಈಗ ಸುತ್ತಲ ಕಾರಖಾನೆಗಳ ಕನ್ನಡದ ಮಂದಿ ಬೆಳಗಿನ ಪಾಳಿಗೆ ಹೋಗುವ ಮುಂಚೆ ಇಲ್ಲಿ ಕೂತು ಉಂಡೇ ಹೋಗುತ್ತಾರೆ. ಬಿಸಿ ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಹಿಂಡಿ. ಪಕ್ಕಕ್ಕೆ ಹಸಿ ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ. ಹಸಿ ಸೊಪ್ಪಿಲ್ಲದ ರೊಟ್ಟಿ ಇವರ ಬಾಯಿಗೆ ಸೇರುವುದಿಲ್ಲ. ಖಾನಾವಳಿಗೆ ಒಂದೇ ನೇಮ: ಸಾಲಿನಲ್ಲಿ ಕೊನೆಯವನು ಉಂಡು ಮುಗಿಸುವ ತನಕ ಮೊದಲಿನವನು ಏಳಕೂಡದು.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಬಡಿಸುವವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಊರ ಮಂದಿಯನ್ನೆಲ್ಲ ಕೂರಿಸಿ ಉಣಿಸಿದ ದೇವಕ್ಕ ತಾನು ಮಾತ್ರ ಒಂದು ದಿನವೂ ಕೂತು ಉಂಡವಳಲ್ಲ. ಒಲೆಯ ಮುಂದೆ ಮುರಿದ ರೊಟ್ಟಿ, ಬೋಗುಣಿಯ ತಳದ ಪಲ್ಯ, ಗಬಗಬನೆ ನಾಲ್ಕು ತುತ್ತು. ಹೀಗೆ ಹಗಲೆಲ್ಲ ನಡೆದ ಊಟ ಮೈಯಲ್ಲಿ ಕೂಡುತ್ತಾ ಹೋಯಿತು. ಮೊಣಕಾಲು ಮಡಚದಂತಾಯಿತು. ನೆಲಕ್ಕೆ ಕೂತರೆ ಇಬ್ಬರು ಎತ್ತಬೇಕು. ರೊಟ್ಟಿ ಬಡಿಯುತ್ತಿದ್ದ ಹಾಗೆಯೇ ಉಸಿರು ಕಟ್ಟುತ್ತಿತ್ತು. ಕಳೆದ ವರ್ಷ, ಎಪ್ಪತ್ತಾರರ ದೀಪಾವಳಿ ಮುಗಿದ ಮೇಲೆ, ಪರದೇಶದಲ್ಲಿ ಕಲಿತು ಬಂದ ಡಾಕ್ಟರರೊಬ್ಬರು ದೊಡ್ಡಾಸ್ಪತ್ರೆಯಲ್ಲಿ ಅವಳ ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡಿದರು.

"ಕುಪ್ಪಸಾ ಬಿಗಿ ಆದ್ರ ಬಿಚ್ಚಿ ಹೊಲಸ್ತೀವಲ್ರಿ, ನನಗ ಅದರ ಬದ್ಲಿ ಹೊಟ್ಟೀನ ಬಿಚ್ಚಿ ಹೊಲದ್ರು," ಎನ್ನುತ್ತಾಳೆ ದೇವಕ್ಕ, ಕೇಳಿದವರಿಗೆಲ್ಲ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವವರು ಮೈಸೂರಿನ ಪಂಕಜಾ. ಕನ್ನಡದವರೇ ಸಿಕ್ಕರಲ್ಲ ಎಂದು ದೇವಕ್ಕನಿಗೆ ಹಿಗ್ಗು. "ಎಲ್ಲಾ ಬೇಯಿಸಿ ತಿನ್ನಿ. ಹಸಿ ತರಕಾರಿ ಸದ್ಯಕ್ಕೆ ಬೇಡ. ಕೋಸಂಬರಿ ಗೀಸಂಬರಿ ಏನೂ ಬೇಡ," ಎಂದರು ಅವರು. ದೇವಕ್ಕ ಮೆಂತ್ಯೆ ಬಿಟ್ಟಳು, ಮೂಲಂಗಿ ಬಿಟ್ಟಳು, ಸವತಿಕಾಯಿಯನ್ನೂ ಬಿಟ್ಟಳು. ಆದರೆ ಒಂದು ಬೆಳಿಗ್ಗೆ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ರೊಟ್ಟಿಯ ಜೊತೆ ಕಡಿದಳು. ಅದರ ಪಕಳೆಯೊಂದು ಸಣ್ಣದಾದ ಹೊಟ್ಟೆಯ ಬಾಯಲ್ಲಿ ಸಿಕ್ಕಿಕೊಂಡಿತು. ಕುಡಿದ ನೀರೂ ಇಳಿಯದೆ ವಾಂತಿಯಾಗಿ, ಟ್ಯಾಕ್ಸಿಯಲ್ಲಿ ಮತ್ತೆ ಆಸ್ಪತ್ರೆ ಸೇರಿದಳು.

"ಹಸೀದು ಬೇಡ ಅಂದಿದ್ನಲ್ಲ?" ಎಂದರಂತೆ ಪಂಕಜಾ.

"ಕಾಯಿಪಲ್ಯೆ ಬ್ಯಾಡ ಅಂದ್ರಿ, ಬಿಟ್ಟೀನ್ರಿ. ಉಳ್ಳಾಗಡ್ಡಿ ಕಾಯಿಪಲ್ಯೆ ಹೆಂಗಾಗ್ತೈತ್ರಿ? ಅದು ರೊಟ್ಟಿ ಜೋಡಿ ಬರೂದು, ಉಪ್ಪಿನಂಗ."

ಪಂಕಜಾ ನಕ್ಕುಬಿಟ್ಟರು. "ನಮ್ಮನೇಲಿ ಹಸೀದು ಅಂದ್ರೆ ಕೋಸಂಬರೀನೇ, ದೇವಕ್ಕ. ನೀವು ರೊಟ್ಟಿ ಜೊತೆ ಏನೇನು ಕಡೀತೀರಾ ಅಂತ ನಾನು ಕೇಳ್ಬೇಕಿತ್ತು."

ಆಮೇಲೆ ಒಂದೊಂದೇ ಹಸಿ ತರಕಾರಿ, ಒಂದೊಂದೇ ಚೂರು. ಮೊದಲು ಸಿಪ್ಪೆ, ಬೀಜ ತೆಗೆದ ಸವತಿಕಾಯಿ. ಹೊಟ್ಟೆ ಒಪ್ಪಿದ ಮೇಲೆ ತುರಿದ ಗಜ್ಜರಿ. ಅದೂ ಒಪ್ಪಿದ ಮೇಲೆ ಎಳೆ ಸೊಪ್ಪು. ಬಾಯಲ್ಲೇ ನೀರಾಗುವ ತನಕ ಅಗಿಯಬೇಕು. ಅಗಿಯಬೇಕೆಂದರೆ ಕೂರಬೇಕು. ದೇವಕ್ಕನಿಗೆ ಸೊಪ್ಪಿಗಿಂತ ಕಷ್ಟವಾದದ್ದು ಇದೇ. ಕೂತರೆ ಕೈ ಸುಮ್ಮನಿರುವುದಿಲ್ಲ, ಕಣ್ಣು ಒಲೆಯ ಕಡೆ, ಕಿವಿ ಬಾಗಿಲ ಕಡೆ.

ಇಷ್ಟರಲ್ಲಿ ಹೊರಗೆ ಮಾತು ಹಬ್ಬಿದೆ. ಮೊದಲೆಲ್ಲ ದೇವಕ್ಕ ಒಲೆಯ ಮುಂದೆ ತಿನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಈಗ ಅವಳು ತನಗೆ ಬೇರೆ ಮೆತ್ತನೆಯ ಅಡುಗೆ ಮಾಡಿಕೊಳ್ಳುತ್ತಾಳೆ. ಮಾಡಿದವಳೇ ಉಣ್ಣದ ಅಡುಗೆಯಲ್ಲಿ ಏನಿದೆಯೋ ಎಂದರು, ಹೊಟ್ಟೆ ಹೊಲಿದ ಕತೆಯನ್ನು ನಂಬದ ಕೆಲವರು. ಮಂದಿ ಬಾಯಿಗೆ ಬೀಗ ಹಾಕಲಾದೀತೇ? ಸಾಲು ತೆಳ್ಳಗಾಗುತ್ತಿದೆ. ಇನ್ನೂ ನಾಲ್ಕು ಮಂದಿ ಬಿಟ್ಟರೆ ಬಾಡಿಗೆ ಕಟ್ಟಲಾಗದೆ ಖೋಲಿಯನ್ನೇ ಬಿಡಬೇಕಾದೀತು. ಅದಕ್ಕೇ ಮೊದಲ ಎಳೆ ಸೊಪ್ಪನ್ನು ಎಲ್ಲರ ಕಣ್ಣೆದುರು, ಅವರದೇ ಸಾಲಿನಲ್ಲಿ ಕೂತು ತಿನ್ನುತ್ತೇನೆಂದು ದೇವಕ್ಕ ಹಟ ಹಿಡಿದಿದ್ದಾಳೆ. ಸಿಕ್ಕಿಕೊಂಡರೆ? ಪಂಕ್ತಿಯ ನಡುವೆ ವಾಂತಿಯಾದರೆ ಖಾನಾವಳಿಯ ಕತೆ ಅಲ್ಲಿಗೇ ಮುಗಿಯುತ್ತದೆ. ಅದೂ ಅವಳಿಗೆ ಗೊತ್ತು.

ಬೆಳಕು ಹರಿಯುವಷ್ಟರಲ್ಲಿ ಮಂದಿ ಬಂದು ಕೂರುತ್ತಾರೆ. ಇವತ್ತು ಬಡಿಸುವ ಕೆಲಸ ಖಂಡಪ್ಪನದು. ದೇವಕ್ಕ ತಟ್ಟೆ ಹಿಡಿದು ಸಾಲಿನ ಕೊನೆಗೆ, ಲೇಥ್ ಕೆಲಸದ ಮರೆಪ್ಪನ ಪಕ್ಕಕ್ಕೆ ಕೂರುತ್ತಾಳೆ. ತಟ್ಟೆಯಲ್ಲಿ ಅಂಗೈಯಷ್ಟು ರೊಟ್ಟಿ, ಎರಡು ಮೆಂತ್ಯೆ ಎಲೆ. ಎಲ್ಲರೂ ನೋಡಿಯೂ ನೋಡದವರಂತೆ ಉಣ್ಣುತ್ತಾರೆ.

ಮೊದಲ ಎಲೆ ಬಾಯಿಗೆ ಹೋಗುತ್ತದೆ. ಕಹಿ. ಎಷ್ಟು ಕಾಲದ ಮೇಲೆ ಅದೇ ಕಹಿ! ಅವಳ ಕಣ್ಣು ತುಂಬುತ್ತದೆ. ಅಗಿಯುತ್ತಾಳೆ. ಅಷ್ಟರಲ್ಲಿ ಉಳಿದವರ ತಟ್ಟೆಗಳೆಲ್ಲ ಖಾಲಿ. ನೇಮ ಅವಳದೇ, ಯಾರೂ ಏಳುವಂತಿಲ್ಲ. ಕಾರಖಾನೆಯ ಮೊದಲ ಭೋಂಗಾ ಕೂಗುತ್ತದೆ. ಎರಡನೆಯದಕ್ಕೆ ಗೇಟು ಮುಚ್ಚುತ್ತದೆ, ಹೊರಗುಳಿದವನಿಗೆ ಅರ್ಧ ದಿನದ ಪಗಾರ ಇಲ್ಲ. ದೇವಕ್ಕ ಸಾಲಿನತ್ತ ನೋಡುತ್ತಾಳೆ. ಗುಳುಂ ಎಂದು ನುಂಗಿಬಿಡಲೇ?

"ನೀವ್ ಏಳ್ರಪಾ, ಹೋಗ್ರಿ," ಎನ್ನುತ್ತಾಳೆ ಬಾಯಿಗೆ ಕೈ ಅಡ್ಡ ಹಿಡಿದು.

ಯಾರೂ ಅಲ್ಲಾಡುವುದಿಲ್ಲ. ಎಂಜಲು ಒಣಗಿದ ಕೈಯನ್ನು ತಟ್ಟೆಯ ಮೇಲಿಟ್ಟುಕೊಂಡು ಮರೆಪ್ಪ ಹೇಳುತ್ತಾನೆ: "ಪಂಕ್ತಿ ಮುರಿಬಾರದಂತ ನೀನ ಕಲಿಸೀದಿ ಅಕ್ಕಾ. ಭೋಂಗಾ ಒದರಲಿ. ನೀ ಸಾವಕಾಶ ಅಗಿ."

ಅವಳು ಅಗಿಯುತ್ತಾಳೆ. ಎರಡನೆಯ ಎಲೆಯೂ ಬಾಯಲ್ಲಿ ನೀರಾಗಿ ಇಳಿಯುತ್ತದೆ. ದೇವಕ್ಕ ತಟ್ಟೆ ಸರಿಸಿದ ಮೇಲೆಯೇ ಸಾಲು ಎದ್ದು, ಚಪ್ಪಲಿ ಅದಲುಬದಲಾದರೂ ನೋಡದೆ ಗೇಟಿನ ಕಡೆ ಓಡುತ್ತದೆ.

ದೇವಕ್ಕ ಮಾತ್ರ ಕೂತಲ್ಲೇ ಇದ್ದಾಳೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ತಟ್ಟೆಗಳೆಲ್ಲ ಖಂಡಪ್ಪನೇ ತೊಳೆದಿಟ್ಟು ಬಂದು, "ಹೆಂಗೈತಿ?" ಎನ್ನುತ್ತಾನೆ.

"ಸುಮ್ಮನೈತಿ."

ಇನ್ನೇನು ಬೇಕು ಎಂದು ಅವನು ಕೇಳಿದರೆ, ಒಂದಿಲ್ಲೊಂದು ದಿನ ಉಳ್ಳಾಗಡ್ಡಿ ಗುದ್ದಿ ಒಡೆದು ಅರ್ಧ ಮರೆಪ್ಪನಿಗೆ, ಅರ್ಧ ತನಗೆ ಎನ್ನುತ್ತಾಳೆ. ಆಮೇಲೆ ಖಾಲಿ ಸಾಲನ್ನು ನೋಡುತ್ತಾ ಮೆಲ್ಲಗೆ ಸೇರಿಸುತ್ತಾಳೆ: "ಇಷ್ಟ ವರ್ಷ ಅವರ ಸಲುವಾಗಿ ನಾ ನಿಂತಿದ್ನಿ. ಇವತ್ತ ನನ್ನ ಸಲುವಾಗಿ ಅವರು ಕುಂತ್ರು."