ಬಿಳಿ ಪ್ಲಾಸ್ಟರ್ ಅಂಟಿಸಿದ ಕ್ಯಾಸೆಟ್

ಗಣಿತದ ಮಾಷ್ಟ್ರ ಬಲಗೈಯ ತೋರುಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಅಥವಾ ಎಡಗೈಯದ್ದಿರಬಹುದು. ಆ ಸೀಳಿನಲ್ಲಿ ಸೀಮೆಸುಣ್ಣದ ಪುಡಿ ಸೇರಿ ಸದಾ ಒಂದು ಬಿಳಿ ಗೆರೆ ಕಾಣುತ್ತಿತ್ತು ಎಂದು ನನ್ನ ನೆನಪು. ಆ ವರ್ಷದ ನನ್ನ ಡೈರಿಯಲ್ಲಿ ಉಗುರಿನ ವಿಷಯವೇ ಇಲ್ಲ. ಇರುವುದು ಪಾಠಗಳ ಪಟ್ಟಿ, ನಡುವೆ ಏನೂ ಬರೆಯದೆ ಬಿಟ್ಟ ಒಂದು ದಿನ. ಹಾಗಾಗಿ ಇಲ್ಲಿ ಕೆಲವು ವಿವರ ತಪ್ಪಿರಬಹುದು. ಕ್ಯಾಸೆಟಿನ ವಿಷಯ ಮಾತ್ರ ತಪ್ಪಲಾರದು. ಅದು ಈಗಲೂ ನನ್ನ ಬಳಿ ಇದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದಲ್ಲಿ ಹತ್ತನೇ ತರಗತಿಯಲ್ಲಿದ್ದೆ. ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿರುವಾಗ ಊರಿನಲ್ಲಿ ಕೋಮು ಗಲಾಟೆಯಾಯಿತು. ಅಂಗಡಿಗಳು ಸುಟ್ಟವು. ಹೊರಗಿನಿಂದ ಬಂದ ಪೊಲೀಸರು ಉಳಿದುಕೊಳ್ಳಲು ನಮ್ಮ ಶಾಲೆಯನ್ನೇ ಕೊಟ್ಟರು. ಬಸ್ಸುಗಳು ಓಡತೊಡಗಿದರೂ ಶಾಲೆ ತೆರೆಯಲಿಲ್ಲ. ತೆರೆದಿದ್ದರೂ ನಮ್ಮ ಬೀದಿಯ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಗಣಿತದಲ್ಲಿ ಫೇಲಾದರೆ ನನಗೆ ಓದು ಮುಗಿದು ಮದುವೆ. ದೊಡ್ಡ ಮಾಮ ಆಗಲೇ ಮಾತು ತೆಗೆದಿದ್ದರು.

ಮಾಷ್ಟ್ರು ಮೂಡುಬಿದಿರೆಯ ಜೈನರು, ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ಒಂದು ದಿನ ಕಂಡಕ್ಟರ್ ಕೈಯಲ್ಲಿ ಅವರ ಚೀಟಿ ಬಂತು: "ನಿಮ್ಮ ಮನೆಗಳಲ್ಲಿ ಟೇಪ್ ರೆಕಾರ್ಡರ್ ಉಂಟು, ನನ್ನಲ್ಲಿ ಪಾಠ ಉಂಟು. ಬೇಡದ ಕ್ಯಾಸೆಟ್ ಕಳಿಸಿ. ಹಿಂದಿನ ತೂತು ಮುಚ್ಚಿ ಕಳಿಸಿ."

ನಮ್ಮ ಬೀದಿಯ ಹೆಚ್ಚಿನ ಗಂಡಸರು ಗಲ್ಫಿನಲ್ಲಿದ್ದರು. ಕಾಗದ ಬರೆಯಲು ಬಾರದವರು ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಮನೆಯವರು ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿಸಿ ಹಿಂದೆ ಕಳಿಸುತ್ತಿದ್ದರು. ಯಾವುದಾದರೂ ಅಳಿಸಬಾರದು ಎಂದಿದ್ದರೆ ಕ್ಯಾಸೆಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದರಾಯಿತು, ಮತ್ತೆ ಅದರಲ್ಲಿ ರೆಕಾರ್ಡ್ ಆಗುವುದಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಏನಾದರೂ ಅಂಟಿಸಬೇಕು. ಮಾಷ್ಟ್ರು ಹೇಳಿದ್ದು ಆ ತೂತನ್ನು.

ಬೀದಿಯ ಕ್ಯಾಸೆಟುಗಳನ್ನು ಚೀಲಕ್ಕೆ ಹಾಕಿ ಅದೇ ಕಂಡಕ್ಟರ್ ಕೈಯಲ್ಲಿ ಕಳಿಸಿದೆವು. ಬಂದ ಮೊದಲ ಪಾಠ ಕೇಳಿ ನಾವು ನಕ್ಕೆವು. ಕಪ್ಪುಹಲಗೆಯ ಮುಂದೆ ನಿಂತು ಮಾಡಿದ್ದರೆಂದು ಕಾಣುತ್ತದೆ. "ಇಲ್ಲಿ ನೋಡಿ, ಇದು ಇದಕ್ಕೆ ಸಮ, ಹಾಗಾದರೆ ಇದು?" ಎನ್ನುತ್ತಿದ್ದರು. ಸೀಮೆಸುಣ್ಣದ ಕಿರಕಿರ ಬಿಟ್ಟರೆ ನಮಗೇನೂ ಸಿಗಲಿಲ್ಲ. "ಸರ್, ನಮಗೆ ಹಲಗೆ ಕಾಣುದಿಲ್ಲ" ಎಂದು ಚೀಟಿ ಬರೆದೆವು. ಎರಡನೆಯದರ ಆರಂಭದಲ್ಲಿ ಅವರು, "ನನ್ನ ತಲೆ! ಕುರುಡರಿಗೆ ಚಿತ್ರ ತೋರಿಸಿದ ಹಾಗೆ ಆಯ್ತು. ಕುರುಡ ನಾನೇ, ನೀವಲ್ಲ" ಎಂದರು. ಆಮೇಲೆ ಆ ಮನುಷ್ಯ ದನಿಯಿಂದಲೇ ಕೈಹಿಡಿದು ನಡೆಸಲು ಕಲಿತರು. "ಬಲಗಡೆ ಪುಟ, ಮೇಲಿನಿಂದ ಎರಡನೇ ಚಿತ್ರ. ತುದಿಯಲ್ಲಿ ಬೆರಳಿಡು. ಇಟ್ಟೆಯಾ? ಸುಳ್ಳು ಹೇಳ್ಬೇಡ ಮಾರಾಯ್ತಿ, ಇಡು. ಈಗ ಲೆಕ್ಕ ಮಾಡು, ನಾನು ಕಾಯ್ತೇನೆ." ನಿಜವಾಗಿ ಕಾಯುತ್ತಿದ್ದರು. ಟೇಪು ಓಡುತ್ತಲೇ ಇರುತ್ತಿತ್ತು. ಅವರ ಮನೆಯ ಗಡಿಯಾರ, ಕುರ್ಚಿಯ ಕಿರ್ರೆನ್ನುವ ಸದ್ದು, ಒಂದು ಕೆಮ್ಮು. ಆ ಮೌನದಲ್ಲಿ ಕೂತು ಲೆಕ್ಕ ಮಾಡುವಾಗ ಅವರು ಎದುರಿಗೇ ಇದ್ದಾರೆ ಅನಿಸುತ್ತಿತ್ತು.

ಶಂಕುವಿನ ಘನಫಲದ ಪಾಠ ಬಂದ ದಿನ ನಾನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿದ್ದೆ. ಪಾಠ ಮುಗಿಯಿತು, ಟಕ್ ಎಂದು ಗುಂಡಿಯ ಸದ್ದು. ನಾನು ನಿಲ್ಲಿಸುವ ಮೊದಲೇ ಬೇರೆ ದನಿ ಬಂತು. "ಹಾಂ, ಮತ್ತೆ ಎಂತ... ಟೇಪು ಮುಗೀತಾ ಬಂತು ಅಂತ ಕಾಣ್ತದೆ."

ಅದು ನನ್ನ ಅಪ್ಪ. ಎರಡು ವರ್ಷ ಹಿಂದೆ ಗಲ್ಫಿನಲ್ಲಿಯೇ ತೀರಿಹೋಗಿ, ಅಲ್ಲಿಯೇ ಮಣ್ಣಾದವರು. ಮನೆಯಲ್ಲಿ ಉಳಿದಿದ್ದ ಅವರ ದನಿಯ ಕ್ಯಾಸೆಟ್ ಅದೊಂದೇ. ಅದರ ತುಂಡನ್ನು ಉಮ್ಮ, ನನ್ನ ತಾಯಿ, ತಾನೇ ಹೇರ್‌ಪಿನ್ನಿನಿಂದ ಮುರಿದು ಕಪಾಟಿನಲ್ಲಿಟ್ಟಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಉಮ್ಮ ಹೊರಗೆ ಬರಲಿಲ್ಲ.

ನಾನು ಸಿಟ್ಟಿನಲ್ಲಿ ಚೀಟಿ ಬರೆದೆ: "ಸರ್, ಆ ಕ್ಯಾಸೆಟಿನಲ್ಲಿ ನನ್ನ ತಂದೆ ಇದ್ದರು." ಅಷ್ಟೇ.

ಎರಡೋ ಮೂರೋ ದಿನದಲ್ಲಿ ಅವರೇ ಬಂದರು. ಆಗ ನಮ್ಮ ಬೀದಿಗೆ ಹೊರಗಿನವರು ಬರುತ್ತಿರಲಿಲ್ಲ. ಅವರು ಒಬ್ಬರೇ ನಡೆದು ಬಂದು ಅಂಗಳದಲ್ಲಿ ನಿಂತರು. ಒಳಗೆ ಕರೆದರೂ ಬರಲಿಲ್ಲ.

"ತುಂಬಿಸುವ ಮೊದಲು ನಾನು ಹತ್ತು ಸೆಕೆಂಡ್ ಕೇಳ್ತೇನೆ" ಎಂದರು. "ಇದರಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಖಾಲಿ ಅಂತ ಎಣಿಸಿದೆ."

ಅದು ನಿಜ. ಅಪ್ಪ ಗುಂಡಿ ಒತ್ತಿ, ಏನು ಹೇಳುವುದೆಂದು ತಿಳಿಯದೆ ಬಹಳ ಹೊತ್ತು ಸುಮ್ಮನಿರುತ್ತಿದ್ದರು.

ಬಾಗಿಲ ಮರೆಯಿಂದ ಉಮ್ಮ, "ಪರವಾಗಿಲ್ಲ ಮಾಷ್ಟ್ರೇ, ಹುಡುಗಿ ಪಾಸಾಗಲಿ" ಎಂದಳು.

"ಅದು ಆಗ್ತದೆ. ಹೋದ ದನಿ ಮತ್ತೆ ಬರುದಿಲ್ಲ. ಒಂದು ನಿಮಿಷ ಕೇಳಬೇಕಿತ್ತು, ತಪ್ಪು ನನ್ನದು."

ನೀರು ಮಾತ್ರ ಕುಡಿದು ಹೋದರು. ನಂತರದ ಪಾಠಗಳು ಹೊಸ ಕ್ಯಾಸೆಟುಗಳಲ್ಲಿ ಬಂದವು. ಅವುಗಳಲ್ಲಿ "ಮಾರಾಯ್ತಿ" ಇರಲಿಲ್ಲ, ತಮಾಷೆ ಇರಲಿಲ್ಲ. ಕಾಯುವುದು ಮಾತ್ರ ಇತ್ತು.

ನಾನು ಪಾಸಾದೆ. ಮಾಮ ಮದುವೆಯ ಮಾತು ನಿಲ್ಲಿಸಿದರು. ಕಾಲೇಜು, ವಿಶ್ವವಿದ್ಯಾನಿಲಯ ಮುಗಿಸಿ ಬೆಳ್ತಂಗಡಿಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಅವರು ಸಿಗುತ್ತಿದ್ದರು. ನನ್ನ ಕೆಲಸ ವಿಚಾರಿಸಿದ ಮೇಲೆ ಪ್ರತಿ ಸಲವೂ ದನಿ ತಗ್ಗಿಸಿ, "ಅದು ಉಂಟಾ? ತಂದೆಯವರ ಅಷ್ಟು ಮಾತಾದ್ರೂ ಉಳಿದಿದೆಯಾ?" ಎಂದು ಕೇಳುತ್ತಿದ್ದರು. ಉಂಟು ಸರ್ ಎನ್ನುತ್ತಿದ್ದೆ. "ಒಂದು ನಿಮಿಷ ಕೇಳಬೇಕಿತ್ತು" ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಸಿಕ್ಕಿದಾಗ ದಹನವೂ ಮುಗಿದಿತ್ತು. ಮನೆಗೆ ಬಂದು ಕ್ಯಾಸೆಟ್ ತೆಗೆದೆ. ಹಿಂಬದಿಯ ತೂತಿನ ಮೇಲೆ ಬಿಳಿ ಪ್ಲಾಸ್ಟರ್ ಇದೆ, ಉಮ್ಮ ಒಡೆದ ಹಿಮ್ಮಡಿಗೆ ಹಾಕಿಕೊಳ್ಳುತ್ತಿದ್ದಂಥದ್ದು. ಕತ್ತರಿಯಿಂದ ಅಳತೆಗೆ ಸರಿಯಾಗಿ ಕತ್ತರಿಸಿ, ಒತ್ತಿ ಅಂಟಿಸಿದ್ದು. ಕೈತಪ್ಪಿನಿಂದ ಚೀಲಕ್ಕೆ ಬಿದ್ದ ಕ್ಯಾಸೆಟಿಗೆ ಯಾರೂ ಹಾಗೆ ಮಾಡುವುದಿಲ್ಲ. ನಮ್ಮ ಮನೆಯವರೇ ಯಾರೋ ತಿಳಿದೇ ಕಳಿಸಿದ್ದರು. ಇಷ್ಟು ವರ್ಷ ನಾನಿದನ್ನು ನೋಡಿರಲಿಲ್ಲವೇ, ನೋಡಿಯೂ ಬಿಟ್ಟಿದ್ದೆನೇ, ಹೇಳಲಾರೆ. ಮಾಷ್ಟ್ರಂತೂ ತುಂಬಿಸುವ ಮೊದಲೇ ನೋಡಿದ್ದಾರೆ. ಆ ದಿನ ಅಂಗಳದಲ್ಲಿ ನಿಂತು "ನೀವೇ ಮುಚ್ಚಿ ಕಳಿಸಿದ್ದಲ್ಲವಾ" ಎನ್ನಬಹುದಿತ್ತು. ಎನ್ನಲಿಲ್ಲ, ಸಾಯುವವರೆಗೂ ಎನ್ನಲಿಲ್ಲ.

ಕಳಿಸಲು ಬೇರೆ ಕ್ಯಾಸೆಟ್ ಉಳಿದಿರದ ಆ ವಾರ ಕಪಾಟಿನ ಮುಂದೆ ಕತ್ತರಿ ಹಿಡಿದು ನಿಂತ ಒಬ್ಬಳು ನನ್ನ ನೆನಪಿನಲ್ಲಿದ್ದಾಳೆ. ಕೆಲವೊಮ್ಮೆ ಅವಳಿಗೆ ಉಮ್ಮನ ಬೆನ್ನು, ಕೆಲವೊಮ್ಮೆ ನನ್ನ ಕೈ.

ಕ್ಯಾಸೆಟನ್ನು ಉಮ್ಮನ ಮಡಿಲಿನಲ್ಲಿಟ್ಟೆ. ಅವಳು ಪ್ಲಾಸ್ಟರಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. ನನ್ನ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಉಮ್ಮಾ, ಇದನ್ನು ಅಂಟಿಸಿದ್ದು ನೀನಾ, ನಾನಾ?"